ಮಿಂಚಂಚೆಯಲ್ಲಿ ಮೂರನೆಯ ಕೈ

ಮಿಂಚಂಚೆಯನ್ನು ನಡೆಸುವ ಸಂಸ್ಥೆಯು ಒಂದು, ಅದನ್ನು ತೆರೆದು ತೋರುವ ತಂತ್ರಾಂಶವು ಬೇರೊಬ್ಬರದು ಎಂದಾಗ, ಓಲೆಗೂ ಅದರ ಒಡೆಯನಿಗೂ ನಡುವೆ ಮೂರನೆಯ ಕೈಯೊಂದು ಬಂದಂತಾಯಿತು. ಮೊದಲು ಈ ಕೈಗೆ ಗುಪ್ತಪದವನ್ನೇ ಒಪ್ಪಿಸಬೇಕಾಗಿದ್ದಿತು. 2012ರಲ್ಲಿ ಪ್ರಕಟವಾದ ಓಆತ್ 2.0 ಎಂಬ ಕ್ರಮದಲ್ಲಿ, ಬೇಡವಾದಾಗ ಹಿಂತೆಗೆಯಬಹುದಾದ ಅನುಮತಿಮುದ್ರೆಯನ್ನು ಕೊಟ್ಟರೆ ಸಾಕು. ಆದರೆ ಮುದ್ರೆಯುಳ್ಳವನೂ ಓಲೆಯನ್ನು ಓದಬಲ್ಲನಷ್ಟೆ?

ಅಮೆರಿಕದ ಅನ್‌ರೋಲ್‌ಮೀ ಎಂಬ ಸೇವೆಯು ಬೇಡವಾದ ಪ್ರಚಾರಪತ್ರಗಳನ್ನು ತೊಲಗಿಸಿಕೊಡುವೆನೆಂದು ಅಂಚೆಪೆಟ್ಟಿಗೆಯನ್ನು ಹೊಕ್ಕಿತು. ಖರೀದಿಯ ರಸೀದಿಗಳ ವಿವರಗಳು ಅಲ್ಲಿಂದ, ಹೆಸರುಗಳನ್ನು ತೆಗೆದು, ಮಾರಾಟವಾಗುತ್ತಿದ್ದುದು 2017ರಲ್ಲಿ ಬಯಲಾಯಿತು. ಖಾಸಗಿ ಪತ್ರಗಳನ್ನು ಮುಟ್ಟುವುದಿಲ್ಲವೆಂದು ಹಿಂಜರಿದವರನ್ನು ಅದು ನಂಬಿಸಿತೆಂದು ಅಲ್ಲಿಯ ಫೆಡರಲ್ ವ್ಯಾಪಾರ ಆಯೋಗವು 2019ರಲ್ಲಿ ಆಪಾದಿಸಿತು.

ಪುಕ್ಕಟೆಯೆಂಬುದೇ ದೋಷವಲ್ಲ. ಮೊಜಿಲ್ಲಾದವರು 2004ರಲ್ಲಿ ಮೊದಲ ಪೂರ್ಣ ಆವೃತ್ತಿಯನ್ನು ಹೊರತಂದ ಥಂಡರ್‌ಬರ್ಡ್ ಸಹ ಪುಕ್ಕಟೆಯೇ. ಅದರ ಜೀವನವು ಇಂದು ಬಹುಮಟ್ಟಿಗೆ ಬಳಸುವವರ ಕಾಣಿಕೆಯಿಂದ ನಡೆಯುತ್ತದೆ. ಅದರ ಮೂಲಸಂಕೇತವನ್ನು ಯಾರಾದರೂ ಪರೀಕ್ಷಿಸಬಹುದು (ಪರೀಕ್ಷಿಸುವವರು ಕೆಲವರೇ ಎಂಬುದು ಬೇರೆ ಮಾತು). ಪತ್ರಗಳು ಅಂಚೆಸಂಸ್ಥೆಯ ಗಣಕದಿಂದ ನೇರವಾಗಿ ನಮ್ಮ ಯಂತ್ರಕ್ಕೆ ಬರುವುವಲ್ಲದೆ ನಡುವೆ ಎಲ್ಲಿಯೂ ತಂಗುವುದಿಲ್ಲ. 2024ರ ಅಕ್ಟೋಬರಿನಲ್ಲಿ ಅದು ಆಂಡ್ರಾಯ್ಡ್ ದೂರವಾಣಿಗೆ ಬಂದುದು ಹೊಸ ಹುಟ್ಟಾಗಿ ಅಲ್ಲ. ಬಹುಕಾಲದಿಂದ ಬಳಕೆಯಲ್ಲಿದ್ದ, 2022ರಲ್ಲಿ ತನ್ನೊಡನೆ ಕೂಡಿಕೊಂಡ ಕೆ-9 ಮೇಲ್ ಎಂಬುದರ ತಳಹದಿಯ ಮೇಲೆ.