ದುಡ್ಡು ಕಟ್ ಆಗಿದೆ, ಅಂಗಡಿಗೆ ಬಂದಿಲ್ಲ: ‘ಪೆಂಡಿಂಗ್’ ಯಾಕೆ ಬರುತ್ತೆ?

ಸಂತೆ ದಿನ ಅಂಗಡಿ ಮುಂದೆ ಇದು ಮಾಮೂಲಿ ಜಗಳ. ಗ್ರಾಹಕರು “ನನ್ನ ಖಾತೆಯಿಂದ ದುಡ್ಡು ಕಟ್ ಆಗಿದೆ” ಅಂತಾರೆ. ಅಂಗಡಿಯವರು “ನಮ್ಮ ಸೌಂಡ್ ಬಾಕ್ಸ್ ಕೂಗೇ ಇಲ್ಲ” ಅಂತಾರೆ. ಇಬ್ಬರು ಹೇಳೋದೂ ನಿಜ ಇರಬಹುದು.

ಯುಪಿಐನಲ್ಲಿ ಒಂದು ಸ್ಕ್ಯಾನ್ ಹಿಂದೆ ಗ್ರಾಹಕರ ಆ್ಯಪ್, ಅವರ ಬ್ಯಾಂಕ್, ಮಧ್ಯದಲ್ಲಿ ಎನ್‌ಪಿಸಿಐ, ಅಂಗಡಿಯವರ ಬ್ಯಾಂಕ್ ಹೀಗೆ ಹಲವು ಕಡೆಯ ಕಂಪ್ಯೂಟರ್‌ಗಳು ಮಾತಾಡಿಕೊಳ್ಳುತ್ತವೆ. ಮೊದಲು ಗ್ರಾಹಕರ ಖಾತೆಯಿಂದ ಹಣ ಕಡಿತ. ಆಮೇಲೆ ಅಂಗಡಿಯವರ ಬ್ಯಾಂಕಿಗೆ “ಜಮಾ ಮಾಡಿ” ಅಂತ ಸಂದೇಶ. ಅಲ್ಲಿಂದ “ಜಮಾ ಆಯ್ತು” ಅನ್ನೋ ಉತ್ತರ ಬರಬೇಕು.

ಉತ್ತರ ಬರಲಿಲ್ಲ ಅಂದ್ರೆ ಜಮಾ ಆಗಿಲ್ಲ ಅಂತಲೇ ಅರ್ಥ ಅಲ್ಲ. ಜಮಾ ಆಗಿ, ಉತ್ತರ ಮಾತ್ರ ದಾರಿಯಲ್ಲಿ ತಪ್ಪಿರಬಹುದು. ಅವಸರದಲ್ಲಿ ಗ್ರಾಹಕರಿಗೆ ವಾಪಸ್ ಕೊಟ್ಟರೆ ಒಂದೇ ದುಡ್ಡು ಇಬ್ಬರ ಖಾತೆಯಲ್ಲೂ ಕೂರುತ್ತೆ. ಅದಕ್ಕೇ ನಿಜ ಗೊತ್ತಾಗೋವರೆಗೆ ‘ಪೆಂಡಿಂಗ್’.

ಎಲ್ಲಾ ದಾರಿ ಮೊದಲೇ ನೋಡೋದು

ಇಂಥ ಎಡವಟ್ಟನ್ನು ಮೊದಲೇ ಹಿಡಿಯೋ ವಿದ್ಯೆಗೆ ಫಾರ್ಮಲ್ ವೆರಿಫಿಕೇಶನ್ ಅಂತಾರೆ. ವ್ಯವಹಾರದ ಹಂತಗಳನ್ನು ಗಣಿತದ ಭಾಷೆಯಲ್ಲಿ ಒಂದು ಮಾದರಿಯಾಗಿ ಬರೀತಾರೆ. ಜೊತೆಗೆ ಯಾವತ್ತೂ ಮುರಿಯಬಾರದ ನಿಯಮ: ಕಡಿತವಾದ ಹಣ ಕೊನೆಗೆ ಅಂಗಡಿಗೆ ಸೇರಬೇಕು, ಇಲ್ಲಾ ವಾಪಸ್ ಹೋಗಬೇಕು, ಎರಡೂ ಆಗಬಾರದು, ಎರಡೂ ಆಗದೇ ಉಳಿಯಲೂಬಾರದು.

5 ಸಂದೇಶ ಇವೆ ಅಂದುಕೊಳ್ಳಿ. ಪ್ರತಿಯೊಂದೂ ಸರಿಯಾಗಿ ಬರಬಹುದು, ತಡವಾಗಬಹುದು, ಕಳೆದುಹೋಗಬಹುದು. ಅಷ್ಟಕ್ಕೇ 243 ಸಾಧ್ಯತೆ. ಕೈಯಲ್ಲಿ ಪರೀಕ್ಷೆ ಮಾಡೋರು ಹತ್ತಿಪ್ಪತ್ತು ನೋಡಿ ಸುಸ್ತಾಗ್ತಾರೆ. ಕಂಪ್ಯೂಟರ್ ಒಂದೂ ಬಿಡದೆ ನೋಡುತ್ತೆ. ನಿಯಮ ಮುರಿದರೆ ಯಾವ ಹಂತದಲ್ಲಿ ಹೇಗೆ ಅಂತ ಸಾಲಾಗಿ ತೋರಿಸುತ್ತೆ.

ಅಮೆಜಾನ್ ಕಂಪನಿಯ ಎಂಜಿನಿಯರ್‌ಗಳು 2011ರಿಂದ ಟಿಎಲ್‌ಎ ಪ್ಲಸ್ ಅನ್ನೋ ಭಾಷೆಯಲ್ಲಿ ಇದನ್ನು ಮಾಡ್ತಿದ್ದಾರೆ. ಅದನ್ನು ರೂಪಿಸಿದವರು ಲೆಸ್ಲಿ ಲ್ಯಾಂಪೋರ್ಟ್. ಅಮೆಜಾನ್‌ನ ಡೈನಮೋಡಿಬಿಯಲ್ಲಿ ಸಿಕ್ಕ ಒಂದು ದೋಷ 35 ಹಂತ ದಾಟಿದ ಮೇಲಷ್ಟೇ ಕಾಣಿಸಿಕೊಳ್ಳೋ ಅಂಥದ್ದು. ಮಾಮೂಲಿ ಪರೀಕ್ಷೆಗಳಲ್ಲಿ ಅದು ಸಿಕ್ಕಿರಲಿಲ್ಲ.

ಆದ್ರೆ ಇದರಿಂದ ನೆಟ್‌ವರ್ಕ್ ಹೋಗೋದು ನಿಲ್ಲಲ್ಲ. ನೆಟ್‌ವರ್ಕ್ ಹೋದರೂ ಲೆಕ್ಕ ತಪ್ಪಬಾರದು, ಅಷ್ಟೇ ಇದರ ಕೆಲಸ. ಮಾದರಿಯಲ್ಲಿ ಬರೆಯದೇ ಬಿಟ್ಟ ಸಂದರ್ಭವನ್ನೂ ಇದು ಹಿಡಿಯಲ್ಲ.

ಅಂಗಡಿಯವರು ಏನು ಮಾಡಬೇಕು?

* ಗ್ರಾಹಕರ ಮೊಬೈಲ್ ಪರದೆ ನಂಬಬೇಡಿ. ನಿಮ್ಮ ಆ್ಯಪ್ ಅಥವಾ ಖಾತೆಯನ್ನೇ ನೋಡಿ.
* ಪೆಂಡಿಂಗ್ ಇದ್ದರೆ 12 ಅಂಕಿಯ ಯುಟಿಆರ್ ನಂಬರ್ ಬರೆದಿಟ್ಟುಕೊಳ್ಳಿ. ಗ್ರಾಹಕರು ಮತ್ತೆ ಪಾವತಿ ಮಾಡಿ, ಮೊದಲಿನದ್ದೂ ಆಮೇಲೆ ಬಂದರೆ ವಾಪಸ್ ಕೊಡೋಕೆ ಇದು ಬೇಕು.
* ಆರ್‌ಬಿಐ 2019ರ ನಿಯಮದ ಪ್ರಕಾರ, ಹಣ ಕಡಿತವಾಗಿ ಅಂಗಡಿಗೆ ಖಾತ್ರಿ ಬರದಿದ್ದರೆ, ವಹಿವಾಟಿನ ದಿನ ಬಿಟ್ಟು 5 ದಿನದೊಳಗೆ ತಾನಾಗಿ ವಾಪಸ್ ಆಗಬೇಕು. ತಡವಾದರೆ ಗ್ರಾಹಕರಿಗೆ ದಿನಕ್ಕೆ 100 ರೂಪಾಯಿ ಪರಿಹಾರ.
* ದೂರು ಮೊದಲು ಬ್ಯಾಂಕಿಗೆ ಕೊಡಿ. 30 ದಿನದಲ್ಲಿ ಬಗೆಹರಿಯದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ 14448ಕ್ಕೆ ಕರೆ ಮಾಡಿ.