ಹೊಳೆ ಬಿಟ್ಟು ಕವಲಿಗೆ ಬಂದ ಪೇಟೆ

ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿ ಬಂಟ್ವಾಳಕ್ಕೆ ಹೊರಟವರು ಬೆಳಗಿನ ಜಾವ ಇಳಿಯುವುದು ಬಿ.ಸಿ.ರೋಡಿನಲ್ಲಿ. ತಾಲ್ಲೂಕು ಕಚೇರಿ ಇರುವುದು ಇಲ್ಲಿ. ಕೆಎಸ್ಸಾರ್ಟಿಸಿ ಬಸ್‌ ನಿಲ್ದಾಣ, ರೈಲು ನಿಲ್ದಾಣ, ಬ್ಯಾಂಕು, ಆಸ್ಪತ್ರೆ, ಬಟ್ಟೆ ಅಂಗಡಿ, ಲಾಡ್ಜು ಎಲ್ಲವೂ ಇಲ್ಲಿಯೇ. ಹಳೆಯ ಬಂಟ್ವಾಳ ಪೇಟೆ ಮಾತ್ರ ಧರ್ಮಸ್ಥಳದ ದಾರಿಯಲ್ಲಿ ಇನ್ನೂ ಸ್ವಲ್ಪ ಮುಂದೆ, ನೇತ್ರಾವತಿಯ ದಂಡೆಗೆ ತಾಗಿಕೊಂಡು ಉಳಿದಿದೆ. ಇಕ್ಕಟ್ಟಾದ ರಸ್ತೆ, ಎರಡೂ ಬದಿಗೆ ಹಂಚಿನ ಮಾಡಿನ ಅಂಗಡಿಗಳು, ನಡುವೆ ತಿರುಮಲ ವೆಂಕಟರಮಣ ದೇವಸ್ಥಾನ. ಒಂದು ಪೇಟೆ ತನ್ನ ಹೆಸರನ್ನು ಹಳೆಯ ಜಾಗದಲ್ಲಿ ಬಿಟ್ಟು, ವ್ಯಾಪಾರವನ್ನೂ ಹೊಟ್ಟೆಪಾಡನ್ನೂ ಹೊತ್ತುಕೊಂಡು ಬೇರೆ ಕಡೆ ಬೆಳೆದದ್ದು ಹೇಗೆ? ಅದನ್ನು ಹೋಟೆಲುಗಳ ಜಾಡು ಹಿಡಿದು ನೋಡಿದರೆ ಬೇಗ ಅರ್ಥವಾಗುತ್ತದೆ.

ಹಳೆಯ ಬಂಟ್ವಾಳ ಹೊಳೆಯ ಪೇಟೆ. ಚಾರ್ಮಾಡಿ ಘಾಟಿ ಇಳಿದು ಬಂದ ಗಾಡಿಗಳ ಸರಕು ಇಲ್ಲಿ ದೋಣಿ ಹತ್ತಿ ಮಂಗಳೂರಿಗೆ ಹೋಗುತ್ತಿತ್ತು. ಕಾಫಿ, ಅಡಿಕೆ, ಭತ್ತ ಕೆಳಗೆ ಇಳಿದರೆ ಉಪ್ಪು, ಒಣಮೀನು ಮೇಲಕ್ಕೆ ಹತ್ತುತ್ತಿತ್ತು. ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಈ ಪೇಟೆಯಲ್ಲಿ. ಆ ಕಾಲದಲ್ಲಿ ಇಷ್ಟು ಜನ ಬಂದು ಹೋಗುವ ಊರಿನಲ್ಲಿಯೂ ದುಡ್ಡು ಕೊಟ್ಟು ಉಣ್ಣುವ ರೂಢಿ ಕಡಿಮೆ. ವರ್ತಕನಿಗೆ ಸಾಹುಕಾರರ ಮನೆಯ ಜಗಲಿಯಿತ್ತು, ಜಾತಿಯವರ ಮನೆಯಿತ್ತು, ದೇವಸ್ಥಾನದ ಊಟವಿತ್ತು. ದೋಣಿಯವರು, ಗಾಡಿಯವರು ಮೂರು ಕಲ್ಲು ಹೂಡಿ ಕುಚ್ಚಲಕ್ಕಿ ಗಂಜಿ ಬೇಯಿಸಿಕೊಳ್ಳುತ್ತಿದ್ದರು. ಪರರ ಕೈಯ ಅನ್ನ ಉಣ್ಣುವುದಕ್ಕೆ ಜಾತಿಯ ಕಟ್ಟು ಅಡ್ಡ ಇತ್ತು. ಮುಂದೆ ಹೋಟೆಲುಗಳು ಬಂದಾಗಲೂ ಕರಾವಳಿಯ ಎಷ್ಟೋ ಕಡೆ ಒಳಗಿನ ಸಾಲು ಬೇರೆ, ಹೊರಗಿನ ಬೆಂಚು ಬೇರೆ ಇತ್ತು. ಇವತ್ತು ಒಂದೇ ಮೇಜಿನಲ್ಲಿ ನಾಲ್ಕು ಜಾತಿ, ಮೂರು ಮತದವರು ಎದುರುಬದುರು ಕೂತು ಚಾ ಕುಡಿಯುತ್ತಿದ್ದರೆ ಅದು ತಾನಾಗಿಯೇ ಆದದ್ದಲ್ಲ. ಬಸ್ಸು, ರೈಲು, ಶಾಲೆ, ಚಳವಳಿ ಎಲ್ಲ ಸೇರಿ ಆ ಬೆಂಚನ್ನು ಒಳಗೆ ತಂದವು.

ಹೊಳೆ ಕೊಟ್ಟದ್ದನ್ನು ಹೊಳೆಯೇ ಕಿತ್ತುಕೊಂಡಿತು. 1923ರ ನೆರೆಯನ್ನು ತುಳುವರು ‘ಮಾರಿ ಬೊಳ್ಳ’ ಎಂದು ಕರೆದರು. 1974ರಲ್ಲಿ ಅಂಥದ್ದೇ ಇನ್ನೊಂದು ಬಂತು. ಹಿರಿಯರು ಇಂದಿಗೂ ವರ್ಷ ಲೆಕ್ಕ ಹಾಕುವುದು ‘ಎಪ್ಪತ್ತನಾಲ್ಕರ ನೆರೆ’ಯ ಹಿಂದೆ, ಮುಂದೆ ಎಂದೇ. ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್. ಆಟಿ ತಿಂಗಳಲ್ಲಿ ನೀರು ಅದರ ಹತ್ತಿರ ಬಂತೆಂದರೆ ತಗ್ಗಿನ ಅಂಗಡಿಯವರು ಅಕ್ಕಿ ಮೂಟೆಗಳನ್ನು ಅಟ್ಟಕ್ಕೆ ಏರಿಸುತ್ತಾರೆ. 2019ರ ಆಗಸ್ಟಿನಲ್ಲಿಯೂ ಪೇಟೆಯ ತಗ್ಗಿಗೆ ನೀರು ನುಗ್ಗಿತ್ತು. ವರ್ಷ ವರ್ಷವೂ ಈ ಭಯ ಇರುವಲ್ಲಿ ಹೊಸದಾಗಿ ಬಂಡವಾಳ ಹಾಕಲು ಯಾರು ಮುಂದೆ ಬರುತ್ತಾರೆ?

ಹೊಳೆಯ ಕೆಲಸವನ್ನು ಅಷ್ಟರಲ್ಲಿ ರಸ್ತೆ ವಹಿಸಿಕೊಂಡಿತ್ತು. ಪಾಣೆಮಂಗಳೂರಿನಲ್ಲಿ ಬ್ರಿಟಿಷರ ಕಾಲದಲ್ಲಿಯೇ ಉಕ್ಕಿನ ಸೇತುವೆ ಎದ್ದಮೇಲೆ ಪುತ್ತೂರು, ಮಡಿಕೇರಿ, ಬೆಂಗಳೂರು ಕಡೆಯ ಸಂಚಾರ ಅಲ್ಲಿ ಹೊಳೆ ದಾಟತೊಡಗಿತು. ಬಂಟ್ವಾಳ, ಬೆಳ್ತಂಗಡಿ, ಚಾರ್ಮಾಡಿಗೆ ಹೋಗುವವರು ದಾಟದೆ ಎಡಕ್ಕೆ ತಿರುಗುತ್ತಿದ್ದರು. ಈ ಕವಲಿಗೆ ಬಂಟ್ವಾಳ ಕ್ರಾಸ್ ರೋಡ್ ಎಂಬ ಹೆಸರು ಬಂದು, ಬಾಯಲ್ಲಿ ಸವೆದು ಬಿ.ಸಿ.ರೋಡ್ ಆಯಿತು. ಇಂದು ಇವೇ ರಾಷ್ಟ್ರೀಯ ಹೆದ್ದಾರಿ 75 ಮತ್ತು 73. ಹಾಸನ–ಮಂಗಳೂರು ರೈಲುಮಾರ್ಗ 1979ರಲ್ಲಿ ಪೂರ್ತಿಯಾದಾಗ ಬಂಟ್ವಾಳದ ಪಾಲಿನ ನಿಲ್ದಾಣವೂ ಈ ಕಡೆಗೇ ಬಂತು. ಕಚೇರಿಗಳು ಒಂದೊಂದಾಗಿ ಹಿಂಬಾಲಿಸಿದವು.

ಈ ಕವಲಿನಲ್ಲಿ ಜನ ಮಾಡುತ್ತಿದ್ದ ಮುಖ್ಯ ಕೆಲಸ ಕಾಯುವುದು. ವಿಟ್ಲದಿಂದ ಬಂದವರು ಬೆಳ್ತಂಗಡಿ ಬಸ್ಸಿಗೆ, ಪೊಳಲಿಯವರು ಪುತ್ತೂರು ಬಸ್ಸಿಗೆ, ಪಹಣಿಗೆ ಬಂದ ರೈತರು ಸಾಹೇಬರಿಗೆ ಕಾಯುತ್ತಿದ್ದರು. ಕಾಯುವವನಿಗೆ ಚಾ ಬೇಕು, ಒಂದು ಪ್ಲೇಟು ಗೋಳಿಬಜೆ ಬೇಕು, ಹೊತ್ತು ಮೀರಿದರೆ ಊಟ ಬೇಕು. ಸಜ್ಜಿಗೆ–ಬಜಿಲಿನ ತಿಂಡಿ ಹೋಟೆಲುಗಳು, ಬನ್ಸಿನ ಕ್ಯಾಂಟೀನುಗಳು, ಮೀನಿನ ಊಟದ ಹೋಟೆಲುಗಳು ಈ ಕವಲಿನಲ್ಲಿ ಬೆಳೆದದ್ದು ಹೀಗೆ. ನಮ್ಮ ಕಡೆ ಹೋಟೆಲು ಹುಟ್ಟುವುದು ಜನ ಇಳಿದು ನಿಲ್ಲುವ ಜಾಗದಲ್ಲಿ. ಈ ಮಾತನ್ನು ಮುಂದೆಯೂ ನೆನಪಿನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ.

ಊರಿನಲ್ಲಿ ಹೋಟೆಲು ಬೆಳೆಯುವ ಮೊದಲೇ ಈ ಊರುಗಳ ಮಕ್ಕಳು ಬೇರೆಯವರ ಊರಿನಲ್ಲಿ ಹೋಟೆಲು ಕಟ್ಟಿದ್ದರು. ಇಂದಿನ ಮೂಡುಬಿದಿರೆ ತಾಲ್ಲೂಕಿನ ಕಡಂದಲೆಯ ಬಡ ಮನೆಯೊಂದರಿಂದ ಹೊರಟ ಕೃಷ್ಣ ರಾವ್ ಎಂಬ ಹುಡುಗ ಮದರಾಸಿನಲ್ಲಿ ಅಡುಗೆಮನೆಯ ಕೆಲಸದಿಂದ ಶುರುಮಾಡಿ, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ರಾಮನಾಡಿನ ರಾಜರಿಗೆ ಸೇರಿದ್ದ ಬಂಗಲೆಯದು. ದಕ್ಷಿಣ ಭಾರತದ ಸಸ್ಯಾಹಾರಿ ಹೋಟೆಲಿಗೆ ಒಂದು ಘನತೆ ತಂದುಕೊಟ್ಟ ಹೆಸರು ಅದು. 1962ರಲ್ಲಿ ಕೆಥೆಡ್ರಲ್ ರಸ್ತೆಯ ಮರಗಳ ನಡುವೆ ಅವರ ಡ್ರೈವ್–ಇನ್ ವುಡ್‌ಲ್ಯಾಂಡ್ಸ್ ಬಂತು. ಕಾರಿನಲ್ಲಿ ಕೂತೇ ದೋಸೆ ತಿನ್ನುವ, ಒಂದು ಕಾಫಿ ಇಟ್ಟುಕೊಂಡು ಗಂಟೆಗಟ್ಟಲೆ ಹರಟುವ ಜಾಗ. 2008ರಲ್ಲಿ ಅದು ಮುಚ್ಚಿತು. ಅಲ್ಲಿ ಈಗ ಸೆಮ್ಮೊಳಿ ಪೂಂಗಾ ಎಂಬ ಸಸ್ಯೋದ್ಯಾನವಿದೆ. ಉದ್ಯಾನ ಒಳ್ಳೆಯದೇ. ಆದರೂ ಆ ಕಾಫಿ ಕುಡಿದವರು ಅದನ್ನು ಇನ್ನೂ ಮರೆತಿಲ್ಲ.

ಉಡುಪಿ ಹೋಟೆಲುಗಳ ಚರಿತ್ರೆ ಬರೆದವರು 1923ರ ನೆರೆಯನ್ನೂ ಈ ವಲಸೆಗೆ ಒಂದು ಕಾರಣವಾಗಿ ಎಣಿಸುವುದುಂಟು. ಅದಕ್ಕಿಂತ ದೊಡ್ಡ ತಿರುವು 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಎಂದು ನನ್ನ ಎಣಿಕೆ. ಉಳುವವನೇ ಹೊಲದೊಡೆಯ ಎಂದಾಗ ಗೇಣಿ ನಂಬಿದ್ದ ಎಷ್ಟೋ ಬ್ರಾಹ್ಮಣ, ಬಂಟ, ಜೈನ ಮನೆಗಳ ಹುಡುಗರು ಮುಂಬಯಿ, ಬೆಂಗಳೂರಿನ ಹೋಟೆಲುಗಳಿಗೆ ಹೋದರು. ಅತ್ತ ಒಕ್ಕಲುತನದ ಡಿಕ್ಲರೇಶನ್ ಕೊಟ್ಟು ಭೂಮಿ ಪಡೆದ ಒಕ್ಕಲುಗಳು ಅಡಿಕೆ ಗಿಡ ನೆಟ್ಟರು, ಕೈಯಲ್ಲಿ ನಾಲ್ಕು ಕಾಸು ಕಂಡರು, ಪೇಟೆಗೆ ಬಂದಾಗ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಟೆಲಿಗೆ ಹೋಗುವ ಧೈರ್ಯ ಮಾಡಿದರು. ಬಡಿಸುವವರನ್ನೂ ಉಣ್ಣುವವರನ್ನೂ ಒಂದೇ ಕಾನೂನು ಹುಟ್ಟಿಸಿತು. ಬಿ.ಸಿ.ರೋಡಿನ ಇತಿಹಾಸ ಬರೆಯುವವರು ಈ ಕಾನೂನನ್ನು ಬಿಟ್ಟು ಬರೆಯಬಾರದು.

ಬಿ.ಸಿ.ರೋಡಿನಿಂದ ಹೊಳೆ ದಾಟಿ ಮೆಲ್ಕಾರು ಕಳೆದರೆ ಕಲ್ಲಡ್ಕ. ಇಲ್ಲಿ ಕಥೆ ತಿರುಗಿತು. ಜನ ನಿಲ್ಲುವಲ್ಲಿ ಹೋಟೆಲು ಹುಟ್ಟಿದ್ದು ಬಿ.ಸಿ.ರೋಡಿನಲ್ಲಾದರೆ, ಹೋಟೆಲು ಇದ್ದಲ್ಲಿ ಜನ ನಿಲ್ಲುವಂತಾದದ್ದು ಇಲ್ಲಿ. 1950ರ ದಶಕದ ಆರಂಭದಲ್ಲಿ ಲಕ್ಷ್ಮೀನಾರಾಯಣ ಹೊಳ್ಳರು ತೆರೆದ ಲಕ್ಷ್ಮೀ ನಿವಾಸ ಹೋಟೆಲಿನ ಚಾ ‘ಕಲ್ಲಡ್ಕ ಟೀ’ ಎನಿಸಿ, ಕೆ.ಟಿ. ಎಂಬ ಎರಡಕ್ಷರವಾಗಿ ಘಟ್ಟ ಹತ್ತಿತು. ಗಾಜಿನ ಲೋಟದಲ್ಲಿ ಕೆಳಗೆ ಬಿಳಿ, ಮೇಲೆ ಕಡು ಕೆಂಪು, ಎರಡರ ನಡುವೆ ಕತ್ತಿಯಲ್ಲಿ ಗೀರಿದಂಥ ಗೆರೆ. ಮಾಡುವುದನ್ನು ನಿಂತು ನೋಡಬೇಕು. ಕಾದು ದಪ್ಪಗಾದ ಹಾಲಿಗೆ ಸಕ್ಕರೆ ಕರಗಿಸಿ ಲೋಟಕ್ಕೆ ಮುಕ್ಕಾಲು ಹೊಯ್ಯುತ್ತಾರೆ. ಅದರ ಮೇಲೆ ಗಟ್ಟಿ ಡಿಕಾಕ್ಷನ್ನನ್ನು ಅವಸರ ಮಾಡದೆ, ಕೈ ನಡುಗದೆ, ಸಣ್ಣ ಧಾರೆಯಾಗಿ ಇಳಿಸುತ್ತಾರೆ. ಸಕ್ಕರೆ ಬಿದ್ದ ಹಾಲು ಡಿಕಾಕ್ಷನ್ನಿಗಿಂತ ಭಾರ. ಅದಕ್ಕೇ ಡಿಕಾಕ್ಷನ್ ಮೇಲೆ ತೇಲಿ ನಿಲ್ಲುತ್ತದೆ. ಧಾರೆ ಜೋರಾದರೆ ಗೆರೆ ಹೋಯಿತು, ಬರೀ ಚಾ ಆಯಿತು. ಕದಡದೆ ಕುಡಿದರೆ ಮೊದಲ ಗುಟುಕು ಒಗರು, ಕೊನೆಯದು ಪಾಯಸದ ಸಿಹಿ. ‘ಕದಡ್ಬೇಡಿ ಮಾರಾಯ್ರೆ, ಹಾಗೇ ಕುಡಿಯಿರಿ’ ಎಂದು ಜೊತೆಯವರು ಹೊಸಬರಿಗೆ ಹೇಳುವುದು ಇಲ್ಲಿಯ ವಾಡಿಕೆ. ಇಂದು ಕೆ.ಟಿ. ಬೋರ್ಡು ಮಂಗಳೂರಿನಲ್ಲೂ ಬೆಂಗಳೂರಿನಲ್ಲೂ ಕಾಣುತ್ತದೆ. ದೊಡ್ಡ ಕಾರ್ಖಾನೆಯಾಗಲಿ ಕೋಟೆಯಾಗಲಿ ಇಲ್ಲದ ಒಂದು ಹಳ್ಳಿಯ ಹೆಸರನ್ನು ಒಂದು ಲೋಟ ಚಾ ಅಷ್ಟು ದೂರ ಒಯ್ದಿತು ಎಂಬುದು ನನಗೆ ಈಗಲೂ ಹೆಮ್ಮೆಯ ಸಂಗತಿ.

ಮೂಡುಬಿದಿರೆಯ ದಾರಿ ಬೇರೆ. ಅಲ್ಲಿ ಜನರನ್ನು ನಿಲ್ಲಿಸಿದ್ದು ಮೊದಲು ಬಸದಿ, ಆಮೇಲೆ ಕಾಲೇಜು. ಹದಿನೆಂಟು ಬಸದಿಗಳ ಊರು. 1430ರ ಸಾವಿರ ಕಂಬದ ಬಸದಿಗೆ ಬರುವ ಯಾತ್ರಿಕರಿಗೆ ಊಟದ ಹೊತ್ತು ಎಂದರೆ ಸೂರ್ಯ ಮುಳುಗುವ ಮೊದಲು. ಜೈನ ಮನೆಗಳಲ್ಲಿ ಆ ನೇಮ ಇಂದಿಗೂ ಇದೆ. ಅದೇ ಊರಿನ ವಿದ್ಯಾಗಿರಿಯಲ್ಲಿ ಆಳ್ವಾಸ್ ಸಂಸ್ಥೆಗಳು ಬೆಳೆದು, ಮಣಿಪುರದಿಂದ ಬಳ್ಳಾರಿಯವರೆಗಿನ ಹುಡುಗ ಹುಡುಗಿಯರು ಹಾಸ್ಟೆಲು ಸೇರಿದ ಮೇಲೆ, ಸೂರ್ಯ ಮುಳುಗಿದ ನಂತರವೇ ಶುರುವಾಗುವ ಇನ್ನೊಂದು ಊಟದ ಹೊತ್ತು ಹುಟ್ಟಿತು. ಗೋಬಿ, ಮೊಮೊ, ಫ್ರೈಡ್ ರೈಸಿನ ಗಾಡಿಗಳು, ಜ್ಯೂಸ್ ಅಂಗಡಿಗಳು, ಉತ್ತರ ಕರ್ನಾಟಕದ ಜೋಳದ ರೊಟ್ಟಿ ಊಟ ಎಲ್ಲವೂ ಈ ಮಕ್ಕಳ ಹಸಿವು ಕಟ್ಟಿದ ಬೀದಿ. ಆಳ್ವಾಸ್ ಸಂಸ್ಥೆಯ ನುಡಿಸಿರಿ, ವಿರಾಸತ್ ಉತ್ಸವಗಳ ದಿನ ಊರಿಗೆ ಊರೇ ಅಡುಗೆಮನೆಯಾಗುತ್ತಿತ್ತು; 2022ರ ಡಿಸೆಂಬರಿನಲ್ಲಿ ಸ್ಕೌಟ್ಸ್ ಗೈಡ್ಸ್ ಜಾಂಬೂರಿಯ ಒಂದು ವಾರವಂತೂ ಹೇಳುವುದೇ ಬೇಡ.

ಬೆಳ್ತಂಗಡಿಯ ಕಡೆ ಒಂದು ವಿಶೇಷವಿದೆ. ಧರ್ಮಸ್ಥಳದಲ್ಲಿ ಬಂದವರಿಗೆಲ್ಲ ಅನ್ನದಾನ. ಊಟ ಪುಕ್ಕಟೆ ಸಿಗುವ ಕ್ಷೇತ್ರದ ಸುತ್ತ ಹೋಟೆಲು ನಡೆಯುವುದು ಹೇಗೆ ಎಂದು ಕೇಳಬಹುದು. ಬೆಳಗಿನ ತಿಂಡಿ, ಸಂಜೆಯ ಚಾ, ದಾರಿಯಲ್ಲಿ ಹಸಿದ ಮಕ್ಕಳು ಅದನ್ನು ನಡೆಸುತ್ತಾರೆ. ಉಜಿರೆಯಲ್ಲಿ 1966ರಲ್ಲಿ ಎಸ್‌ಡಿಎಂ ಕಾಲೇಜು ಬಂದಮೇಲೆ ವಿದ್ಯಾರ್ಥಿಗಳೂ ಸೇರಿಕೊಂಡರು.

ಈಚಿನ ಹತ್ತು ಹದಿನೈದು ವರ್ಷಗಳಲ್ಲಿ ಈ ಪೇಟೆಗಳ ಮೋರೆ ಬದಲಾಗಿದೆ. ಮುಂಬಯಿಯಿಂದ ಹಿಂದಿರುಗಿದವರು ಎಸಿ ಹಾಲ್ ಇರುವ ಫ್ಯಾಮಿಲಿ ರೆಸ್ಟೋರೆಂಟು ಕಟ್ಟಿದರು. ಗಲ್ಫಿನಲ್ಲಿ ದುಡಿದು ಬಂದವರು ಮಂದಿ, ಅಲ್‌ಫಹಮ್, ಶವರ್ಮ ತಂದರು. ಬ್ಯಾರಿ ಮನೆಗಳ ಅಡುಗೆ ಮೊದಲ ಬಾರಿಗೆ ಬೋರ್ಡಿನ ಮೇಲೆ ಬಂತು. ಹಂಚಿನ ಕಟ್ಟಡ ಕೆಡವಿದ ಕಡೆ ನೆಲ ಅಂತಸ್ತಿನಲ್ಲಿ ಬೇಕರಿ, ಮೇಲೆ ಜಿಮ್ಮು. ಕೋರಿ ರೊಟ್ಟಿ, ನೀರುದೋಸೆ, ಬಂಗುಡೆ ಪುಳಿಮುಂಚಿ ಮನೆಯೂಟವಾಗಿದ್ದವು, ಈಗ ‘ಸ್ಪೆಷಲ್’ ಆಗಿವೆ. ಇದರಲ್ಲಿ ನನಗೆ ಬೇಸರವೇನೂ ಇಲ್ಲ. ಅಂದು ಹೊರಗಿನ ಬೆಂಚಿನಲ್ಲಿ ಕೂತವರು ಇಂದು ಹೋಟೆಲಿನ ಮಾಲೀಕರಾಗಿದ್ದಾರೆ. ಹೆಂಗಸರು ಗಂಡಸರ ಜೊತೆಯಿಲ್ಲದೆ ಬಂದು, ಕೂತು, ತಿಂದು ಹೋಗುತ್ತಾರೆ. ಇಷ್ಟು ಆಗಲು ನೂರು ವರ್ಷ ಬೇಕಾಯಿತು.

ನನ್ನ ಆತಂಕ ಬೇರೆ. ಬಿ.ಸಿ.ರೋಡಿನಿಂದ ಅಡ್ಡಹೊಳೆಯವರೆಗಿನ 63 ಕಿ.ಮೀ. ಹೆದ್ದಾರಿಯನ್ನು ಚತುಷ್ಪಥ ಮಾಡುವ ಕೆಲಸ 2017ರಲ್ಲಿ ಶುರುವಾಗಿ, ನಡುವೆ ನಿಂತು, ಮತ್ತೆ ಟೆಂಡರಾಗಿ ಮುಂದುವರಿಯಿತು. ಆ ವರ್ಷಗಳ ಕೆಸರು, ಧೂಳು ತಿಂದವರಲ್ಲಿ ಕಲ್ಲಡ್ಕದ ಅಂಗಡಿಯವರೇ ಮೊದಲಿಗರು. 2.1 ಕಿ.ಮೀ. ಉದ್ದದ ಕಲ್ಲಡ್ಕ ಫ್ಲೈಓವರ್ 2025ರ ಮಳೆಗಾಲದ ಹೊತ್ತಿಗೆ ತೆರೆದುಕೊಂಡಿತು. ಅದು ಬೇಕಿತ್ತು, ಆಂಬುಲೆನ್ಸು ಸಿಕ್ಕಿಬೀಳುತ್ತಿದ್ದ ರಸ್ತೆಯದು. ಆದರೆ ಮೇಲಿಂದ ಹೋಗುವವನಿಗೆ ಕಲ್ಲಡ್ಕ ಈಗ ಎರಡು ನಿಮಿಷದ ಕಾಂಕ್ರೀಟು. ಮಂಗಳೂರು ಬಿಕರ್ನಕಟ್ಟೆಯಿಂದ ಸಾಣೂರಿಗೆ ಹೋಗುವ 45 ಕಿ.ಮೀ. ಹೊಸ ಹೆದ್ದಾರಿ ಮೂಡುಬಿದಿರೆ ಪೇಟೆಯನ್ನು ಬಳಸಿಕೊಂಡು ಹೋಗುತ್ತದೆ. ಪುಂಜಾಲಕಟ್ಟೆ–ಚಾರ್ಮಾಡಿ ಅಗಲೀಕರಣದಲ್ಲಿ ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆಯ ಅಂಗಡಿಗಳ ಮುಂದಿನ ಅಂಗಳ ಹೋಗುತ್ತಿದೆ. ಹೊಳೆ ಬತ್ತದಿದ್ದರೂ ದೋಣಿ ನಿಂತದ್ದರಿಂದ ಹಳೆಯ ಬಂಟ್ವಾಳ ಸೊರಗಿತು. ವಾಹನ ಕಡಿಮೆಯಾಗದಿದ್ದರೂ ನಿಲ್ಲುವುದು ತಪ್ಪಿದರೆ ಈ ಪೇಟೆಗಳಿಗೂ ಅದೇ ಗತಿ ಬರಬಹುದು.

ಮಾಲು, ಲಾಡ್ಜು ಉಳ್ಳವರು ಹೇಗೋ ಬದುಕಿಕೊಳ್ಳುತ್ತಾರೆ. ರಸ್ತೆ ಅಗಲವಾದಾಗಲೆಲ್ಲ ಮೊದಲು ಏಳಬೇಕಾಗುವುದು ಗೂಡಂಗಡಿ, ಚಾ ಗಾಡಿ, ಬೊಂಡದವರು. ಇವರಿಗಾಗಿ 2014ರಲ್ಲೇ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಬಂದಿದೆ. ಪ್ರತಿ ಪಟ್ಟಣದಲ್ಲೂ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳೇ ಇರಬೇಕು, ಸಮೀಕ್ಷೆ ಮಾಡಿ ಚೀಟಿ ಕೊಡುವ ತನಕ ಯಾರನ್ನೂ ಎಬ್ಬಿಸಕೂಡದು ಎನ್ನುತ್ತದೆ ಅದು. ಬಂಟ್ವಾಳ, ಮೂಡುಬಿದಿರೆಯ ಪುರಸಭೆಗಳೂ ಬೆಳ್ತಂಗಡಿಯ ಪಟ್ಟಣ ಪಂಚಾಯಿತಿಯೂ ಹೆದ್ದಾರಿಯ ಗುತ್ತಿಗೆ ಮುಗಿಯುವ ಮೊದಲೇ ಗಾಡಿಗಳಿಗೆ ನೀರು, ದೀಪ, ಚರಂಡಿ ಇರುವ ಜಾಗ ಗುರುತಿಸಲಿ. ಕಲ್ಲಡ್ಕ ಫ್ಲೈಓವರಿನ ಅಡಿಯಲ್ಲಿ ಬಸ್ಸು ನಿಲ್ಲಲು, ಮುದುಕರು ಹೆದರದೆ ರಸ್ತೆ ದಾಟಲು ಹೆದ್ದಾರಿಯವರು ಏರ್ಪಾಡು ಮಾಡಲಿ. ಓದುವ ನೀವೂ ಒಂದು ಕೆಲಸ ಮಾಡಬಹುದು. ಮಂಗಳೂರಿನಿಂದ ಹೊರಟಾಗ ಮೆಲ್ಕಾರು ದಾಟಿದ ಮೇಲೆ ಫ್ಲೈಓವರ್ ಹತ್ತದೆ ಸರ್ವಿಸ್ ರಸ್ತೆಗೆ ಇಳಿಯಿರಿ, ಹತ್ತು ನಿಮಿಷ ನಿಂತು ಒಂದು ಕೆ.ಟಿ. ಕುಡಿದು ಹೋಗಿ.