ಮಾಂಸದೊಳಗಿನ ನೀರು, ಉಮದಿಯ ಗಾಳಿ

ಸ್ಪೇನಿನ ಗುಡ್ಡಗಾಡಿನಲ್ಲಿ ಚಳಿಗಾಲ ಬಂತೆಂದರೆ ಹಂದಿಯ ಹಿಂಗಾಲನ್ನು ಇಡಿಯಾಗಿ ಉಪ್ಪಿನಲ್ಲಿ ಹೂತಿಟ್ಟು, ಆಮೇಲೆ ತೊಳೆದು, ವರ್ಷಕ್ಕೂ ಮಿಕ್ಕಿ ತೂಗುಹಾಕುತ್ತಾರೆ. ಅದೇ ಕಾಲನ್ನು ಏಪ್ರಿಲ್‌ನಲ್ಲಿ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಉಮದಿಯಲ್ಲಿ ತೂಗುಹಾಕಿದರೆ ಮೈ ಒಣಗುವ ಮೊದಲೇ ಎಲುಬಿನ ಸುತ್ತ ಕೊಳೆತು ನಾರುತ್ತದೆ. ಆದರೆ ಅದೇ ಏಪ್ರಿಲ್‌ನಲ್ಲಿ, ಜಾತ್ರೆಯ ಮರುದಿನ ಉಳಿದ ಆಡಿನ ಖಂಡವನ್ನು ಉದ್ದುದ್ದಕ್ಕೆ ಸೀಳಿ, ಉಪ್ಪು ಅರಿಶಿನ ಸವರಿ, ಮಾಳಿಗೆಯ ಮೇಲೆ ಹಗ್ಗಕ್ಕೆ ಹಾಕಿದರೆ ಕೆಲವೇ ದಿನಗಳಲ್ಲಿ ಕಡ್ಡಿಯಂತೆ ಸೆಟೆದು ತಿಂಗಳುಗಟ್ಟಲೆ ನಿಲ್ಲುತ್ತದೆ. ಮೈಸೂರು ಸೀಮೆಯವರ ಉಪ್ಪುಕಂಡವೂ ಇದೇ.

ಎರಡಕ್ಕೂ ಹಾಕುವುದು ಅದೇ ಉಪ್ಪು. ಗೆಲುವು ಸೋಲು ತೀರ್ಮಾನವಾಗುವುದು ಸೀಳಿನ ದಪ್ಪದಲ್ಲಿ. ಉಪ್ಪು ಒಳಗಿಳಿಯಲು, ನೀರು ಹೊರಬರಲು ಬೇಕಾಗುವ ಹೊತ್ತು ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಒಂದು ಸೆಂಟಿಮೀಟರ್ ಸೀಳಿಗೆ ಒಂದು ದಿನ ಹಿಡಿದರೆ ಹತ್ತು ಸೆಂಟಿಮೀಟರ್ ತುಂಡಿಗೆ ನೂರು ದಿನ ಬೇಕು. ಸ್ಪೇನಿನವರು ಆ ನೂರು ದಿನಗಳನ್ನು ಚಳಿಯಿಂದ ಪಡೆಯುತ್ತಾರೆ. ಬಿಸಿಲುನಾಡಿನಲ್ಲಿ ಬ್ಯಾಕ್ಟೀರಿಯಾ ಅಷ್ಟು ದಿನ ಬಿಟ್ಟುಕೊಡುವುದಿಲ್ಲ. ಆದ್ದರಿಂದಲೇ ಇಲ್ಲಿನ ಹೆಂಗಸರು ತೆಳ್ಳಗೆ ಸೀಳುವುದನ್ನು ಕಲಿತರು. ನನ್ನ ದೃಷ್ಟಿಯಲ್ಲಿ ಇಡೀ ವಿದ್ಯೆಯ ಜೀವಾಳ ಆ ಸೀಳುವಿಕೆಯೇ.

ತಾಜಾ ಮಾಂಸದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಆದರೆ ಒಟ್ಟು ನೀರೆಷ್ಟು ಎನ್ನುವುದಕ್ಕಿಂತ ಸೂಕ್ಷ್ಮಜೀವಿಗೆ ಸಿಗುವ ನೀರೆಷ್ಟು ಎನ್ನುವುದು ಮುಖ್ಯ. ಆಸ್ಟ್ರೇಲಿಯಾದ ವಿಜ್ಞಾನಿ ವಿಲಿಯಂ ಜೇಮ್ಸ್ ಸ್ಕಾಟ್ 1950ರ ದಶಕದಲ್ಲಿ ಇದನ್ನು ಸ್ಪಷ್ಟಪಡಿಸಿದರು. ಶುದ್ಧ ನೀರಿಗೆ 1 ಎಂದು ಇಟ್ಟುಕೊಂಡರೆ ತಾಜಾ ಮಾಂಸದ ಜಲಸಕ್ರಿಯತೆ, ಎಂದರೆ ಹೀಗೆ ಸಿಗುವ ನೀರಿನ ಅಳತೆ, 0.99ರ ಹತ್ತಿರ. 0.91ಕ್ಕಿಂತ ಇಳಿದರೆ ಕೊಳೆಸುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಬೆಳೆಯಲಾರವು. ಹಟಮಾರಿ ಸ್ಟೆಫಿಲೊಕಾಕಸ್ ಮಾತ್ರ 0.86ರವರೆಗೂ ಬೆಳೆಯಬಲ್ಲದು. 0.60ರ ಕೆಳಗೆ ಬೂಷ್ಟು ಕೂಡ ಬೆಳೆಯದು. ಉಪ್ಪು ನೀರಿನ ಒಂದು ಪಾಲನ್ನು ತಾನು ಹಿಡಿದಿಟ್ಟುಕೊಳ್ಳುತ್ತದೆ, ಉಳಿದುದನ್ನು ಗಾಳಿ ಒಯ್ಯುತ್ತದೆ. ಒಂದು ಕಿಲೋ ಖಂಡ ಒಣಗಿ 350 ಗ್ರಾಂ ಆಗುವುದು ಹೀಗೆ.

ಗಾಳಿಯ ವಿಷಯದಲ್ಲಿ ಉಮದಿ ಭಾಗ್ಯವಂತ ಊರು. ಸಹ್ಯಾದ್ರಿಯ ಮಳೆನೆರಳಿನ ಈ ತಾಲೂಕಿಗೆ ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಮಳೆಯೂ ಇಲ್ಲ. ಬರ ತರುವ ಈ ಒಣಹವೆಯೇ ಸಾಂಗ್ಲಿ ಜಿಲ್ಲೆಯ ಶೆಡ್ಡುಗಳಲ್ಲಿ ದ್ರಾಕ್ಷಿಯನ್ನು ಮನುಕ ಮಾಡಿಕೊಡುತ್ತದೆ. ಆ ಶೆಡ್ಡುಗಳಲ್ಲಿ ಹಣ್ಣು ಒಣಗುವುದು ನೆರಳಲ್ಲಿ, ಗಾಳಿಯಿಂದ. ಮಾಂಸಕ್ಕೂ ಬಿಸಿಲಿಗಿಂತ ಗಾಳಿ ದೊಡ್ಡದು. ಸುಡುಬಿಸಿಲಿಗೆ ಮೇಲಿನ ಪದರ ಬೇಗ ಗಟ್ಟಿಯಾಗಿ ಬಿಟ್ಟರೆ ಒಳಗಿನ ತೇವ ಹೊರಬರಲು ದಾರಿಯಿರುವುದಿಲ್ಲ.

ಈ ಜ್ಞಾನವನ್ನು ಹೆಚ್ಚು ಕಾಪಾಡಿಕೊಂಡು ಬಂದವರು ಊರ ಹೊರಗಿನ ಕೇರಿಯವರು. ಸಿಕ್ಕಿದ ಮಾಂಸವನ್ನು ಒಂದೇ ದಿನ ತಿಂದು ಮುಗಿಸಲಾಗದೆ, ಮತ್ತೆ ಯಾವಾಗ ಸಿಗುವುದೋ ತಿಳಿಯದೆ ಅವರು ಒಣಗಿಸಿದರು. ಶಾಹೂ ಪಾಟೋಳೆ 2015ರಲ್ಲಿ ಮರಾಠಿಯಲ್ಲಿ ಬರೆದ ‘ಅನ್ನ ಹೇ ಅಪೂರ್ಣಬ್ರಹ್ಮ’ ಮರಾಠವಾಡದ ದಲಿತರ ಇಂಥ ಅಡುಗೆಯನ್ನು ದಾಖಲಿಸಿದೆ. ನಮ್ಮ ಆಹಾರವಿಜ್ಞಾನದ ಪಠ್ಯದಲ್ಲಿ ಈ ಮನೆಗಳ ಹೆಸರು ಇನ್ನೂ ಬಂದಿಲ್ಲವೆಂಬುದು ನನ್ನನ್ನು ನೋಯಿಸುತ್ತದೆ.

ಆಡಿನ ಖಂಡ ಹೀಗೆ ನಿಲ್ಲುವುದಾದರೆ, ಇಡೀ ಹಂದಿಯನ್ನೂ ಮನೆಯಲ್ಲೇ ಹೀಗೆ ಉಳಿಸಬಹುದೇ? ಕೊಬ್ಬಿಲ್ಲದ ಖಂಡವನ್ನು ಸೀಳಿ ಒಣಗಿಸಬಹುದು. ಬಯಲಲ್ಲಿ ಮೇಯುವ ಹಂದಿಯಲ್ಲಿ ಲಾಡಿಹುಳುವಿನ ಮರಿ ಇರುವ ಸಂಭವವಿದ್ದು, ಉಪ್ಪು ಬಿಸಿಲನ್ನಷ್ಟೇ ನಂಬದೆ ತಿನ್ನುವ ಮುಂಚೆ ಚೆನ್ನಾಗಿ ಬೇಯಿಸಲೇಬೇಕು. ಸಾಸೇಜ್ ಮಾತ್ರ ಬೇರೆಯೇ ಲೋಕ. ಇಡಿ ತುಂಡಿನಲ್ಲಿ ಸೂಕ್ಷ್ಮಜೀವಿಗಳು ಬಹುತೇಕ ಹೊರಮೈಯಲ್ಲೇ ಇರುತ್ತವೆ. ಕೊಚ್ಚಿದಾಗ ಅವು ಮಾಂಸದ ಒಳಕ್ಕೆಲ್ಲ ಹರಡುತ್ತವೆ. ಕರುಳಿನಲ್ಲಿ ಒತ್ತಿ ತುಂಬಿದಾಗ ಗಾಳಿ ಹೊರಹೋಗುತ್ತದೆ. ಗಾಳಿಯಿಲ್ಲದ, ತೇವವಿರುವ, ಬೆಚ್ಚಗಿನ ಆ ಜಾಗ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ವಿಷಕಾರಿ ಬ್ಯಾಕ್ಟೀರಿಯಾಕ್ಕೆ ಹೇಳಿ ಮಾಡಿಸಿದ್ದು. ಜರ್ಮನಿಯ ವೈದ್ಯ ಜಸ್ಟಿನಸ್ ಕೆರ್ನರ್ 1820ರ ಸುಮಾರಿಗೆ ಸಾಸೇಜ್ ತಿಂದು ಪಾರ್ಶ್ವವಾಯುವಿನಂತೆ ಸೋತು ಸತ್ತವರನ್ನು ಕುರಿತು ವಿವರವಾಗಿ ಬರೆದರು. ಆ ಬ್ಯಾಕ್ಟೀರಿಯಾ ಸಿಕ್ಕಿದ್ದು 1895ರಲ್ಲಿ, ಬೆಲ್ಜಿಯಂನಲ್ಲಿ, ಉಪ್ಪು ಹಾಕಿದ ಹಂದಿಯ ತೊಡೆಯಿಂದ. ಅದನ್ನು ತಡೆಯಲು ಬಳಸುವ ನೈಟ್ರೈಟ್‌ಗೆ ಅಮೆರಿಕದ ನಿಯಮದ ಮಿತಿ ಕಿಲೋ ಕೊಚ್ಚಿದ ಮಾಂಸಕ್ಕೆ 0.156 ಗ್ರಾಂ. ಹೆಚ್ಚಾದರೆ ಅದೇ ವಿಷ. ಚಿಟಿಕೆಯಲ್ಲಿ ಅಳೆಯುವ ಅಡುಗೆಮನೆಗೆ ಇದು ತಕ್ಕುದಲ್ಲ. ಗೋವಾದವರು ತಮ್ಮ ಚೊರಿಸೊ ಸಾಸೇಜ್‌ಗೆ ಉಪ್ಪು, ಮೆಣಸಿನ ಜತೆ ತೆಂಗಿನ ಕಳ್ಳಿನ ವಿನೆಗರ್ ಹಾಕುವುದರಲ್ಲಿ ಒಳ್ಳೆಯ ವಿವೇಕವಿದೆ, ಆಮ್ಲ ಆ ಬ್ಯಾಕ್ಟೀರಿಯಾಕ್ಕೆ ಆಗದು.

ಹಂದಿಯ ಕೊಬ್ಬಿನದು ಇನ್ನೊಂದು ತೊಡಕು. ಅದು ಆಡಿನ ಕೊಬ್ಬಿಗಿಂತ ಮೆತ್ತಗಿನದು, ಆಮ್ಲಜನಕಕ್ಕೆ ಬೇಗ ಸೋತು ಕಮಟಾಗುತ್ತದೆ. ಉಮದಿಯ ಬಿಸಿಲು ಇದನ್ನು ಇನ್ನಷ್ಟು ಬೇಗ ಕೆಡಿಸುತ್ತದೆ. ಕೊಡಗಿನಲ್ಲಿ ಹಂದಿಯ ತುಂಡುಗಳನ್ನು ಒಲೆಯ ಮೇಲೆ ಹೊಗೆಗೆ ಕಟ್ಟುವುದು ಮಳೆಗಾಲದ ತೇವಕ್ಕಷ್ಟೇ ಉತ್ತರವಲ್ಲ. ಹೊಗೆಯ ಫೀನಾಲ್‌ಗಳು ಕೊಬ್ಬು ಕಮಟಾಗುವುದನ್ನೂ ತಡೆಹಿಡಿಯುತ್ತವೆ. ತೇವದ ವಿಷಯಕ್ಕೆ ಬಂದರೆ, ಗಾಳಿಯ ತೇವಾಂಶ ಶೇ 75 ದಾಟಿದಾಗ ಉಪ್ಪೇ ನೀರು ಹೀರಿ ಒದ್ದೆಯಾಗುತ್ತದೆ. ಉಮದಿಯಲ್ಲಿ ಅಂಥ ದಿನಗಳು ಬರುವುದು ಹೆಚ್ಚಾಗಿ ಮಳೆಗಾಲದಲ್ಲಿ. ಆಗ ಒಣಖಂಡ ತುಂಬಿದ ಗಡಿಗೆಯ ಬಾಯಿ ಬಿಗಿದಿಟ್ಟು, ಬಿಸಿಲು ಕಂಡ ದಿನ ಖಂಡವನ್ನು ಮತ್ತೆ ಮಾಳಿಗೆಗೆ ಒಯ್ಯಬೇಕಾಗುತ್ತದೆ.